ಸತ್ಯಾಂಶ: ಅಗ್ಬಾಡದ ಕಸೂತಿ ಗುಂಡಿ ಒತ್ತಿದರೆ ಮೂಡುವುದೇ?

ನೈಜೀರಿಯಾದ ಅಗ್ಬಾಡ ನಿಲುವಂಗಿಯ ಚಿತ್ರದೊಂದಿಗೆ, ಅದರ ಎದೆಯ ಮೇಲಿನ ಕಸೂತಿಯನ್ನೆಲ್ಲ ಕಂಪ್ಯೂಟರ್ ಯಂತ್ರವೇ ಮಾಡುತ್ತದೆ, ಮನುಷ್ಯರ ಕೈ ತಾಗುವುದೇ ಇಲ್ಲ ಎಂಬ ಸಂದೇಶವೊಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ಹೆಚ್ಚೆಂದರೆ ಅರ್ಧಸತ್ಯ.

ಅಂಥ ಯಂತ್ರಗಳು ಅಲ್ಲಿ ಬಳಕೆಯಲ್ಲಿರುವುದು ನಿಜ. ಆದರೆ ಗ್ರಾಹಕರು ಹೇಳಿ ಮಾಡಿಸುವ ಎಷ್ಟೋ ಉಡುಪುಗಳಲ್ಲಿ ಕಸೂತಿಗಾರನು ಮೊದಲು ವಿನ್ಯಾಸವನ್ನು ಬಟ್ಟೆಯ ಮೇಲೆ ಬರೆದುಕೊಂಡು, ದಾರ ಬಿಗಿದಾಗ ಬಟ್ಟೆ ಮುದುಡದಂತೆ ಹಿಂಬದಿಗೆ ಗಡುಸಾದ ಪದರವನ್ನಿಟ್ಟು, ಹೊಲಿಗೆ ಯಂತ್ರದ ಸೂಜಿಯ ಕೆಳಗೆ ಬಟ್ಟೆಯನ್ನು ತನ್ನ ಕೈಯಿಂದಲೇ ತಿರುಗಿಸುತ್ತಾ ಗೆರೆಗಳನ್ನು ತುಂಬುತ್ತಾನೆ. ಯಂತ್ರವು ಸೂಜಿಯನ್ನು ಓಡಿಸುತ್ತದೆ, ಅಷ್ಟೇ. ಸುರುಳಿ ಎಲ್ಲಿ ಬಾಗಬೇಕೆಂಬುದನ್ನು ನಿರ್ಧರಿಸುವುದು ಅವನ ಕೈ.

ಯಂತ್ರವೇ ಇಲ್ಲದ ಪದ್ಧತಿಯೂ ಉಂಟು. ಉತ್ತರ ನೈಜೀರಿಯಾದ ಹೌಸಾ ಜನರಲ್ಲಿ ‘ಬಬ್ಬನ್ ರೀಗಾ’ ಎಂಬ, ಅಗ್ಬಾಡವನ್ನೇ ಹೋಲುವ ನಿಲುವಂಗಿಯ ಕೈಕಸೂತಿ ಪರಂಪರೆಯಿಂದ ಗಂಡಸರ ಕಸುಬಾಗಿದ್ದು, ಕುರಾನ್ ಕಲಿಸುವ ಪಂಡಿತರೂ ಅದರಲ್ಲಿ ತೊಡಗಿದ್ದರು. ಕಸೂತಿಯೆಂದರೆ ಹೆಂಗಸರ ಕೆಲಸವೆಂದು ನಂಬಿದವರಿಗೆ ಇದು ಅಚ್ಚರಿ ತರಬಹುದು. ಕುತ್ತಿಗೆಯ ಸುತ್ತಲೂ ಎಡ ಎದೆಯ ದೊಡ್ಡ ಜೇಬಿನ ಮೇಲೂ ಮೂಡುವ, ಮೊನಚಾದ ‘ಎಂಟು ಚೂರಿ’ ವಿನ್ಯಾಸವು ಇವುಗಳಲ್ಲಿ ಬಹು ಪ್ರಸಿದ್ಧ. ಇಂಥ ದಟ್ಟವಾದ ಕೈಕೆಲಸಕ್ಕೆ ತಿಂಗಳುಗಳೇ ಹಿಡಿಯಬಹುದಾದ್ದರಿಂದ, ಅದರ ಬೆಲೆಯೂ ಯಂತ್ರದ ಕಸೂತಿಗಿಂತ ಬಹಳ ಹೆಚ್ಚು.