ಶೋಕೇಸಿನಿಂದ ಹೊರಡದ ರೈಲು

ಕಳೆದ ಬೇಸಿಗೆಯಲ್ಲಿ ನಮ್ಮ ಭಾವ ಮೆಡಿಕಲ್ ಶಾಪಿಗೆ ಹೋಗಿ ಹೈಡ್ರೋಜನ್ ಪೆರಾಕ್ಸೈಡ್ ಹನ್ನೆರಡು ಬಾಟಲಿ ಕೊಡಿ ಅಂದರು. ಅಂಗಡಿ ಹುಡುಗ ಗಾಬರಿಯಾದ. "ಯಾರಿಗೆ ಸಾರ್ ಇಷ್ಟೊಂದು ಗಾಯ ಆಗಿರೋದು?"

"ರೈಲ್ವೆ ಸ್ಟೇಷನ್ನಿಗೆ" ಅಂದರು ಭಾವ, ಮುಖದಲ್ಲಿ ಒಂದಿಷ್ಟೂ ನಗುವಿಲ್ಲದೆ.

ಮನೆಗೆ ಬಂದವರೇ ತಾರಸಿ ಹತ್ತಿದರು. ಬೇಸಿನ್ನಿಗೆ ಬಾಟಲಿಗಳನ್ನೆಲ್ಲ ಬಗ್ಗಿಸಿ, ಲೆಗೋ ಅನ್ನುವ ಜೋಡಿಸುವ ಪ್ಲಾಸ್ಟಿಕ್ ಆಟಿಕೆಯ ಹಳೇ ಸ್ಟೇಷನ್ನಿನ ಬಿಳಿ ಇಟ್ಟಿಗೆಗಳನ್ನು ಅದರಲ್ಲಿ ಮುಳುಗಿಸಿ, ಬಿಸಿಲಿಗಿಟ್ಟು ಕಾವಲು ಕೂತರು. ಪಕ್ಕದಲ್ಲಿ ಅವರ ಅಮ್ಮ ಹಳೇ ಪಂಚೆ ಹಾಸಿ ಸಂಡಿಗೆ ಇಟ್ಟಿದ್ದರು. ವರ್ಷಗಟ್ಟಲೆ ಬೆಳಕು ಬಿದ್ದು ಹಳದಿಗಟ್ಟಿದ ಪ್ಲಾಸ್ಟಿಕ್ಕು ಈ ನೀರಲ್ಲಿ ನೆಂದು, ಅದೇ ಬಿಸಿಲಿನಲ್ಲಿ ಮತ್ತೆ ಬೆಳ್ಳಗಾಗುತ್ತದಂತೆ. ಪ್ರಪಂಚದ ಎಷ್ಟೋ ದೇಶಗಳಲ್ಲಿ ನಲವತ್ತು ದಾಟಿದ ಗಂಡಸರು ಹೀಗೇ ಬೇಸಿನ್ನು ಮುಂದಿಟ್ಟುಕೊಂಡು ಕೂತಿರುತ್ತಾರಂತೆ. ಅಷ್ಟರಲ್ಲಿ ಕಾಗೆಯೊಂದು ಇಳಿದು, ಎರಡೂ ಕಡೆ ಕತ್ತು ಕೊಂಕಿಸಿ ನೋಡಿ, ಒಂದು ಸಂಡಿಗೆ ಕಚ್ಚಿಕೊಂಡು ಹಾರಿತು.

"ಅದಕ್ಕಿರೋ ಬುದ್ಧಿ ನೋಡು" ಅಂದರು ಅಕ್ಕನ ಅತ್ತೆ. ಯಾರಿಗೆ ಅಂದರೋ, ಭಾವ ಕೇಳಿಸಿಕೊಳ್ಳಲಿಲ್ಲ.

ಈ ಕಾಯಿಲೆಯ ಪೂರ್ವಾಪರ ಸ್ವಲ್ಪ ಹೇಳಬೇಕು. ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಊರಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್ ಎಂಬ ಬಡಗಿ 1932ರಲ್ಲಿ ಮರದ ಆಟಿಕೆ ಮಾಡಲು ಶುರು ಮಾಡಿದ. ಆಮೇಲೆ ಅವರ ಭಾಷೆಯ 'ಲೆಗ್ ಗಾಟ್', ಅಂದರೆ 'ಚೆನ್ನಾಗಿ ಆಡು' ಅನ್ನುವ ಎರಡು ಮಾತು ಕೂಡಿಸಿ ಲೆಗೋ ಅಂತ ಹೆಸರಿಟ್ಟ. ಈಗಿನ ಇಟ್ಟಿಗೆಗೆ ಪೇಟೆಂಟ್ ಅರ್ಜಿ ಹೋದದ್ದು 1958ರ ಜನವರಿ 28ಕ್ಕೆ, ಮೊದಲ ರೈಲು ಬಂದದ್ದು 1966ರಲ್ಲಿ. ಚೆನ್ನಾಗಿ ಆಡು ಅಂತ ಬಡಗಿ ಹೆಸರಿಟ್ಟ ಸಾಮಾನಿಗೆ ಇವತ್ತಿನ ಹಳೇ ಮಾಲಿನ ಪೇಟೆಯಲ್ಲಿರುವ ಕಾನೂನು ಮಾತ್ರ ಬೇರೆ. ಆಡಿದ್ದಾದರೆ ಒಂದು ರೇಟು, ಜೋಡಿಸಿ ಆಡದೆ ಇಟ್ಟಿದ್ದಾದರೆ ಇನ್ನೊಂದು ರೇಟು, ಡಬ್ಬದ ಸೀಲೇ ಒಡೆಯದಿದ್ದರೆ ಕೇಳಲೇಬೇಡಿ. ಒಳಗೆ ಏನೂ ಇಲ್ಲದ ಬರೀ ಡಬ್ಬಕ್ಕೂ ಗಿರಾಕಿ ಇದ್ದಾರೆ. ಒಮ್ಮೆ ಅಕ್ಕನ ಮಗ, ಆರು ವರ್ಷದ ಪುಟ್ಟ, ಅಂಥದ್ದೊಂದು ಖಾಲಿ ಡಬ್ಬದಲ್ಲಿ ಕಾಲು ಚಾಚಿ ಕೂತು 'ಪೋಂ ಪೋಂ' ಅಂತ ಬಸ್ಸು ಬಿಡುತ್ತಿದ್ದ. ಭಾವ ಬಾತ್‌ರೂಮಿನಿಂದ ಸೋಪು ಹಚ್ಚಿದ ಮುಖದಲ್ಲೇ ಓಡಿ ಬಂದು ಮಗುವನ್ನು ಎತ್ತಿ ಪಕ್ಕಕ್ಕಿಟ್ಟು, ಡಬ್ಬದ ಮೂಲೆ ನೆಗ್ಗಿದೆಯೇ ಅಂತ ಸವರಿ ನೋಡಿದರು. ಮಗುವಿನ ಮೂಲೆ ನೋಡಿದ್ದು ಅಕ್ಕ.

ಭಾವನ ಬಳಿ ಈಗ ಎರಡು ರೈಲಿವೆ. ಎರಡೂ ಒಂದೇ, 1991ರ ಮೆಟ್ರೋಲೈನರ್. ಒಂದು ಜೋಡಿಸಿ ಶೋಕೇಸಿನಲ್ಲಿಟ್ಟಿದ್ದು. ಇನ್ನೊಂದು ಡಬ್ಬ ಬಿಚ್ಚದ್ದು, ಬೀರುವಿನಲ್ಲಿ ಅಕ್ಕನ ಧಾರೆ ಸೀರೆಯ ಕೆಳಗೆ ಮಲಗಿದೆ. ಆ ಕಾಲದ ರೈಲು ಓಡುತ್ತಿದ್ದದ್ದು 9 ವೋಲ್ಟಿನಲ್ಲಿ. ಹಳಿಯ ಮೇಲೇ ಲೋಹದ ಪಟ್ಟಿ, ಅದರಲ್ಲೇ ಕರೆಂಟು. ಒಂದು ತಿರುಪು ತಿರುಗಿಸಿದರೆ ಹೋಗುತ್ತಿತ್ತು, ಇನ್ನೊಂದು ಕಡೆ ತಿರುಗಿಸಿದರೆ ಹಿಂದೆ ಬರುತ್ತಿತ್ತು. ಅದಕ್ಕೂ ಮೊದಲು 12 ವೋಲ್ಟು, ಅದಕ್ಕೂ ಮೊದಲು ನಾಲ್ಕೂವರೆ. ಆಮೇಲೆ 2006ರಲ್ಲಿ ರಿಮೋಟು ಬಂತು, ಹಳಿಯಲ್ಲಿದ್ದ ಕರೆಂಟು ಹೋಯಿತು. ಈಗ ಬ್ಲೂಟೂತ್ ಬಂದಿದೆ. ಅರುವತ್ತು ವರ್ಷದ ಹಿಂದಿನ ಇಟ್ಟಿಗೆ ಇವತ್ತಿನ ಇಟ್ಟಿಗೆಗೆ ಲಕ್ಷಣವಾಗಿ ಕಚ್ಚಿಕೊಳ್ಳುತ್ತದೆ ಎಂದು ಜಗತ್ತೆಲ್ಲ ಹೊಗಳುವ ಅದೇ ಮನೆಯಲ್ಲಿ, ಅಪ್ಪನ ಎಂಜಿನ್ನು ಮಗನ ಹಳಿ ಮೇಲೆ ಅಲ್ಲಾಡುವುದಿಲ್ಲ. ಭಾವನಿಗೆ ಆ ತಾಪತ್ರಯವೂ ಇಲ್ಲ. ಅವರು ಓಡಿಸುವುದೇ ಇಲ್ಲ.

"ಓಡಿಸಿದ್ರೆ ಮೋಟಾರು ಸವೆಯುತ್ತೆ ಕಣೋ" ಅಂದರು.

"ಮತ್ತೆ ಮೋಟಾರು ಯಾತಕ್ಕೆ ಭಾವ?"

"ಇರಬೇಕು. ಓಡುತ್ತೆ ಅನ್ನೋದು ಗೊತ್ತಿರಬೇಕು, ಅಷ್ಟೆ."

ಇದನ್ನು ತಮಾಷೆ ಅಂದುಕೊಳ್ಳಬೇಡಿ, ಕಂಪನಿಯೂ ಇದೇ ದಾರಿಗೆ ಬಂದಿದೆ. 2023ರಲ್ಲಿ ಅವರು ಓರಿಯೆಂಟ್ ಎಕ್ಸ್‌ಪ್ರೆಸ್ ಬಿಟ್ಟರು. 2,540 ತುಂಡು, ರಾಜಗಾಂಭೀರ್ಯ, ಡಬ್ಬದ ಮೇಲೆ 18+. ಮೋಟಾರಿಲ್ಲ. ನಿಲ್ಲುವುದಕ್ಕೇಂತಲೇ ಹುಟ್ಟಿದ ರೈಲು. ನಮ್ಮ ಬೆಂಗಳೂರಲ್ಲಿ ಉಪನಗರ ರೈಲಿಗೆ 2022ರ ಜೂನಿನಲ್ಲಿ ಶಂಕುಸ್ಥಾಪನೆ ಆದಾಗ 40 ತಿಂಗಳಲ್ಲಿ ಮುಗಿಸುತ್ತೇವೆ ಅಂದಿದ್ದರಲ್ಲ, ಅವರೂ ಸುಮ್ಮನೆ 18+ ಅಂತ ಬರೆದು ಕಪ್ಪು ಡಬ್ಬದಲ್ಲಿ ಹಾಕಿಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ.

18+ ಅನ್ನುವುದನ್ನು ನಾವು ಹಿಂದೆಲ್ಲ ನೋಡುತ್ತಿದ್ದದ್ದು ಬೇರೆ ತರಹದ ಸಾಮಾನಿನ ಮೇಲೆ. 2020ರಿಂದ ಅದು ಬೊಮ್ಮೆ ಡಬ್ಬದ ಮೇಲೂ ಬಂದಿದೆ. ಚಿಕ್ಕ ತುಂಡು ನುಂಗಿಬಿಡುತ್ತವೆ, ಮೂರು ವರ್ಷದ ಒಳಗಿನವರಿಗೆ ಕೊಡಬೇಡಿ ಅನ್ನುವುದು ನ್ಯಾಯವೇ. ನಲವತ್ತು ದಾಟಿದವರು ನುಂಗುವುದಿಲ್ಲ ಎಂಬ ಗ್ಯಾರಂಟಿ ಯಾರು ಕೊಟ್ಟರೋ ಕಾಣೆ. ಸಂಬಳದ ಅರ್ಧ ನುಂಗಿದ್ದನ್ನಂತೂ ಅಕ್ಕ ಕಣ್ಣಾರೆ ಕಂಡಿದ್ದಾಳೆ.

ಅದರಲ್ಲೂ 2022ರ ಒಂದು ಕಸರತ್ತು ನನಗೆ ಬಹಳ ಹಿಡಿಸಿತು. 1979ರ ಗ್ಯಾಲಕ್ಸಿ ಎಕ್ಸ್‌ಪ್ಲೋರರ್ ಎಂಬ ಹಳೇ ಗಗನನೌಕೆಯನ್ನು ಮತ್ತೆ ತಂದರು. ಆದರೆ ಒಂದೂವರೆ ಪಟ್ಟು ದೊಡ್ಡದು ಮಾಡಿ ತಂದರು. ಕಾರಣ ಏನಪ್ಪಾ ಅಂದರೆ, ಆಗ ಮಗುವಾಗಿದ್ದವನ ಕೈ ಈಗ ದೊಡ್ಡದಾಗಿದೆ, ಹಳೇ ಅಳತೆಯಲ್ಲೇ ಕೊಟ್ಟರೆ ನೌಕೆ ಚಿಕ್ಕದಾಯಿತು ಅಂತ ಬೇಜಾರು ಮಾಡಿಕೊಳ್ಳುತ್ತಾನೆ. ಬೆಳೆದ ಕೈಗೆ ತಕ್ಕ ಬಾಲ್ಯ! ಹಳೇ ಊರಿಗೆ ಹೋದಾಗ ಶಾಲೆಯ ಮೈದಾನ ಇಷ್ಟೇನಾ ಅನ್ನಿಸುತ್ತದಲ್ಲ, ಅದಕ್ಕೂ ಯಾರಾದರೂ ಹೀಗೆ ಅಕ್ಕಪಕ್ಕದ ಹೊಲ ಸೇರಿಸಿ ಒತ್ತುವರಿ ಮಾಡಿಕೊಟ್ಟರೆ ಎಷ್ಟು ಚೆನ್ನಾಗಿತ್ತು.

ಇದಕ್ಕಿಂತ ಮೇಲಿನದು ಒಂದಿದೆ, ಬಾತುಕೋಳಿಯದು. ಆ ಬಡಗಿಯ ಕಾಲದಲ್ಲಿ, 1930ರ ದಶಕದಲ್ಲಿ, ಎಳೆದರೆ ಕೊಕ್ಕು ಬಡಿಯುತ್ತ ಬರುವ ಮರದ ಬಾತುಕೋಳಿ ಹೆಸರುವಾಸಿಯಾಗಿತ್ತು. 1960ರಲ್ಲಿ ಮರದ ಆಟಿಕೆಗಳ ಉಗ್ರಾಣಕ್ಕೆ ಬೆಂಕಿ ಬಿತ್ತು, ಅಲ್ಲಿಗೆ ಮರದ ಸಹವಾಸ ಸಾಕು ಅಂತ ಕಂಪನಿ ಪ್ಲಾಸ್ಟಿಕ್ಕಿಗೇ ನಿಂತಿತು. ಸರಿ, 2020ರಲ್ಲಿ ಆ ಮರದ ಬಾತುಕೋಳಿಯ ನೆನಪಿಗೆ ಒಂದು ಸೆಟ್ಟು ಬಂತು. ಹೆಸರು ಮರದ ಬಾತುಕೋಳಿ. ಇರುವುದು ಪ್ಲಾಸ್ಟಿಕ್ಕಿನ 621 ತುಂಡು. ಸಿಗುತ್ತಿದ್ದದ್ದು ಬಿಲ್ಲುಂಡಿನ ಲೆಗೋ ಹೌಸಿನಲ್ಲಿ ಮಾತ್ರ. ಆಲೆಮರ ತಿರುಗಿಸಿ ಅರಗು ಹಚ್ಚಿ ಒಂದು ಬಾತು ಮಾಡಿ ರಸ್ತೆ ಬದಿಯಲ್ಲಿ ಚೌಕಾಸಿ ಕೇಳಿಸಿಕೊಳ್ಳುವ ಚನ್ನಪಟ್ಟಣದವರಿಗೆ ಈ ಸಂಗತಿ ದಯವಿಟ್ಟು ಹೇಳಬೇಡಿ.

ಇನ್ನು ಬೂದು ಬಣ್ಣದ ಶೋಕ. 2004ರ ಸುಮಾರಿಗೆ ಕಂಪನಿ ತನ್ನ ಬೂದು ಬಣ್ಣವನ್ನು ಕೊಂಚ ನೀಲಿ ಕಡೆಗೆ ತಿರುಗಿಸಿತು. ಅಷ್ಟೆ. ನಾನು ಎರಡೂ ತುಂಡನ್ನು ಕೈಲಿ ಹಿಡಿದು ಕಿಟಕಿ ಹತ್ತಿರ, ಟ್ಯೂಬ್‌ಲೈಟ್ ಕೆಳಗೆ, ಕನ್ನಡಕ ಹಾಕಿ, ತೆಗೆದು, ಎಲ್ಲ ರೀತಿ ನೋಡಿದೆ. ಸೀರೆಗೆ ರವಿಕೆ ಕಣ ಹೊಂದಿಸುವ ಅಕ್ಕ ಮಾತ್ರ ಒಂದೇ ನೋಟಕ್ಕೆ ಹಿಡಿದಳು. ಆದರೆ ಆ ಬದಲಾವಣೆಗೆ ಲೆಗೋ ಭಕ್ತರು ಇಪ್ಪತ್ತು ವರ್ಷದಿಂದ ಸೂತಕ ಹಿಡಿದಿದ್ದಾರೆ. 'ಹಳೇ ಬೂದು' ಅಂತಲೇ ಕೇಳಿ ಕೇಳಿ ಹುಡುಕುತ್ತಾರೆ. ಭಾವ ಎರಡು ವಾರಕ್ಕೊಮ್ಮೆ ಭಾನುವಾರ ತಲೆಗೆ ಕಪ್ಪು ಬಳಿದುಕೊಂಡು, ಆರುವ ತನಕ ಮಾಡುವ ಕೆಲಸ ಇದು: ಹಳೇ ಬೂದನ್ನೂ ಹೊಸ ಬೂದನ್ನೂ ಎರಡು ಡಬ್ಬಿಗೆ ಬೇರೆ ಮಾಡುವುದು.

ಭಾವನ ಲೆಗೋ ಊರಿನ ವಿಷಯ ಹೇಳಲಿಲ್ಲ. ಡೈನಿಂಗ್ ಟೇಬಲ್ಲಿನ ಮುಕ್ಕಾಲು ಭಾಗ ಈಗ ಊರು. ಉಳಿದ ಕಾಲು ಭಾಗದಲ್ಲಿ ಸಂಸಾರ ಊಟ ಮಾಡುತ್ತದೆ. 1978ರಲ್ಲಿ ಕೈಕಾಲು ಆಡುವ ಪುಟಾಣಿ ಮನುಷ್ಯರು ಬಂದರಲ್ಲ, ಹತ್ತು ವರ್ಷ ಅವರಿಗೆಲ್ಲ ಒಂದೇ ಮುಖ. ಎರಡು ಚುಕ್ಕೆ ಕಣ್ಣು, ಒಂದು ನಗು. ಪೊಲೀಸನೂ ನಗುತ್ತಾನೆ, ಬೆಂಕಿ ಹತ್ತಿದ ಮನೆಯವನೂ ನಗುತ್ತಾನೆ, ರೈಲು ತಪ್ಪಿದವನೂ ನಗುತ್ತಾನೆ. ಆ ಊರಲ್ಲಿ ಪೊಲೀಸ್ ಠಾಣೆ ಇದೆ, ಅಗ್ನಿಶಾಮಕ ಠಾಣೆ ಇದೆ, ಇವೆರಡೂ ನಾಲ್ಕಾರು ವರ್ಷಕ್ಕೊಮ್ಮೆ ಹೊಸದಾಗಿ ಬರುತ್ತಲೇ ಇರುತ್ತವೆ. ಮೋರಿ ಇಲ್ಲ. ಕಸದ ರಾಶಿ ಇಲ್ಲ. ಖಾತಾ ಬದಲಾಯಿಸುವ ಆಫೀಸಂತೂ ಇಲ್ಲವೇ ಇಲ್ಲ, ಆ ಮುಖಗಳ ನಗುವಿಗೆ ಬಹುಶಃ ಅದೇ ಕಾರಣ. ಮೊದಲು ಅಲ್ಲಿ ಶೆಲ್ ಪೆಟ್ರೋಲ್ ಬಂಕ್ ಇರುತ್ತಿತ್ತು. 1992ರಿಂದ ಆಕ್ಟಾನ್ ಎಂಬ ಬಂಕ್ ಬಂತು. ಆಕ್ಟಾನ್ ಅನ್ನುವ ಪೆಟ್ರೋಲ್ ಕಂಪನಿ ಭೂಮಿಯ ಮೇಲೆ ಎಲ್ಲೂ ಇಲ್ಲ. ಇಲ್ಲದ ಆ ಬಂಕಿನ ಗುರುತು ಹಾಕಿದ ಟೀ ಶರ್ಟ್ ತೊಟ್ಟು ಭಾವ, ಇರುವ ಬಂಕಿನಲ್ಲಿ ಸ್ಕೂಟರಿಗೆ ಇನ್ನೂರು ರೂಪಾಯಿ ಪೆಟ್ರೋಲ್ ಹಾಕಿಸಿ, ಈಗಿನ ಕಾಲ ಸರಿಯಿಲ್ಲ ಅನ್ನುತ್ತಾರೆ.

ಇದೆಲ್ಲ ಮನೆಗೆ ಬಂದ ದಾರಿಯೂ ಸಣ್ಣದಲ್ಲ. ಹೊರದೇಶದ ಆಟಿಕೆಯ ಮೇಲಿನ ಸುಂಕವನ್ನು ಸರ್ಕಾರ 2020ರಲ್ಲಿ 20ರಿಂದ 60 ಪರ್ಸೆಂಟಿಗೂ, 2023ರಲ್ಲಿ 70ಕ್ಕೂ ಏರಿಸಿತು. ಮಕ್ಕಳು ನಮ್ಮ ದೇಶದ ಆಟಿಕೆಯಲ್ಲೇ ಆಡಲಿ ಎಂಬುದು ಉದ್ದೇಶ. ಮಕ್ಕಳು ಆಡುತ್ತಿದ್ದಾರೋ ಇಲ್ಲವೋ, ಅಪ್ಪಂದಿರು ನ್ಯೂಜೆರ್ಸಿಯಲ್ಲಿರುವ ಚಿಕ್ಕಪ್ಪನ ಮಗನನ್ನು ಹಿಡಿದಿದ್ದಾರೆ. ಆತ ಹೋಗುವಾಗ ಸೂಟ್‌ಕೇಸಿನಲ್ಲಿ ಸಾರಿನಪುಡಿ, ಚಟ್ನಿಪುಡಿ, ಹಪ್ಪಳ. ಬರುವಾಗ ರೈಲು. ಡಬ್ಬ ನೆಗ್ಗಬಾರದು ಅಂತ ಅದಕ್ಕೆ ಸುತ್ತಲೂ ಅವನ ಬಟ್ಟೆಬರೆ. ಕಳೆದ ಸಲ ಆತ ತನ್ನ ಬಟ್ಟೆಗೆ ಜಾಗ ಸಾಲದೆ ಮೂರು ಶರ್ಟನ್ನು ಒಂದರ ಮೇಲೊಂದು ತೊಟ್ಟು ದೇವನಹಳ್ಳಿಯಲ್ಲಿ ಇಳಿದ. ಏಪ್ರಿಲ್ ತಿಂಗಳು.

ಖರ್ಚಿನ ಮಾತೆತ್ತಿದರೆ ಭಾವನ ಬಳಿ ಒಂದು ರಾಮಬಾಣವಿದೆ. ಮಾಸ್ಕೋದ ಹೈಯರ್ ಸ್ಕೂಲ್ ಆಫ್ ಎಕನಾಮಿಕ್ಸ್‌ನವರು 1987ರಿಂದ 2015ರವರೆಗಿನ ಸೆಟ್ಟುಗಳ ಲೆಕ್ಕ ತೆಗೆದು, ಹಳೇ ಲೆಗೋ ಮಾಲಿನ ಬೆಲೆ ವರ್ಷಕ್ಕೆ ಸರಾಸರಿ 11 ಪರ್ಸೆಂಟ್ ಏರಿದೆ ಎಂದು ಬರೆದರಲ್ಲ, ಅದು.

"ಚಿನ್ನಕ್ಕಿಂತ ವಾಸಿ ಕಣೇ" ಅಂದರು ಭಾವ.

"ಹಾಗಾದ್ರೆ ಮಾರಿ" ಅಂದಳು ಅಕ್ಕ. "ಪುಟ್ಟನ ಸ್ಕೂಲ್ ಫೀಸ್ ಕಟ್ಬೇಕು."

ಭಾವ ಅವಳನ್ನು ನೋಡಿದ ನೋಟ ಹೇಗಿತ್ತು ಅಂದರೆ, ಇವಳು ಕೇಳಿದ್ದು ರೈಲನ್ನಲ್ಲ, ಕಿಡ್ನಿಯನ್ನ.

ಲೆಗೋ ಮಂದಿಯಲ್ಲಿ ಒಂದು ಮಾತಿದೆ, ಡಾರ್ಕ್ ಏಜಸ್ ಅಂತ. ಚಿಕ್ಕಂದಿನಲ್ಲಿ ಆಡಿ, ಹದಿಹರೆಯದಲ್ಲಿ ಬಿಟ್ಟು, ದೊಡ್ಡವರಾದ ಮೇಲೆ ಮತ್ತೆ ಹಿಡಿಯುವವರೆಗಿನ ಕಾಲಕ್ಕೆ ಆ ಹೆಸರು. ಭಾವನ ಕತ್ತಲ ಯುಗದಲ್ಲಿ ಪಿಯುಸಿ, ಎಂಜಿನಿಯರಿಂಗ್, ಮೊದಲ ಕೆಲಸ, ನಮ್ಮ ಅಕ್ಕ ಎಲ್ಲರೂ ಬಂದರು. ಆದರೆ ಕತ್ತಲಿಗೆ ಮೊದಲು ಬೆಳಕು ಇರಬೇಕಲ್ಲ? ಈ ಮನುಷ್ಯ ಹುಟ್ಟಿ ಬೆಳೆದದ್ದು ಅರಸೀಕೆರೆಯಲ್ಲಿ. ಜಂಕ್ಷನ್ನು. ಮನೆಯ ಹಿಂದೆಯೇ ಹಳಿ. ಹತ್ತು ಪೈಸೆಯ ನಾಣ್ಯ ಹಳಿಯ ಮೇಲಿಟ್ಟು, ಗಾಡಿ ಹೋದ ಮೇಲೆ ಅಪ್ಪಚ್ಚಿಯಾಗಿ ಬಿಸಿಬಿಸಿ ಇರುತ್ತಿದ್ದದ್ದನ್ನು ಆರಿಸಿಕೊಂಡವರು. ಅಂಗಿ ಹಿಂಬದಿ ಒಬ್ಬರದೊಬ್ಬರು ಹಿಡಿದು ಕೂ ಅಂತ ಬೀದಿ ತುಂಬ ರೈಲಾಗಿ ಓಡಿ, ಅಂಗಿ ಹರಿದು, ಮನೆಯಲ್ಲಿ ಏಟು ತಿಂದವರು. ಡೆನ್ಮಾರ್ಕಿನ ರೈಲು ಇವರಿಗೆ ಯಾವ ಜನ್ಮದ ನೆನಪು?

ಕೇಳಿಯೇಬಿಟ್ಟೆ. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. ನಾಲ್ಕನೇ ಕ್ಲಾಸಿನಲ್ಲಿದ್ದಾಗ ಊರಿನ ಡಾಕ್ಟರೊಬ್ಬರ ಮನೆಯಲ್ಲಿ ನೋಡಿದ್ದರಂತೆ. ಹಾಲ್‌ನಲ್ಲಿ ಗಾಜಿನ ಶೋಕೇಸು. ಒಳಗೆ ಫಾರಿನ್ ಸೋಪು, ಕವರು ತೆಗೆಯದ ಕುಣಿಯುವ ಗೊಂಬೆ, ಅದರ ಪಕ್ಕ ಈ ರೈಲು. ಬೀಗ ಹಾಕಿತ್ತು. ಡಾಕ್ಟರ ಮಗನೂ ಮುಟ್ಟುವಂತಿರಲಿಲ್ಲ. ಇವರಿಬ್ಬರೂ ಗಾಜಿಗೆ ಮೂಗು ಒತ್ತಿಕೊಂಡು ನಿಂತದ್ದಕ್ಕೆ ಗಾಜಿನ ಮೇಲೆ ಎರಡು ಮೂಗಿನ ಗುರುತಾಗಿ, ಒಳಗಿನಿಂದ ಡಾಕ್ಟರ ಹೆಂಡತಿ ಬಟ್ಟೆ ಹಿಡಿದು ಬಂದು ಒರೆಸಿದರಂತೆ.

ಆಗ ನನಗೆ ಅರ್ಥವಾಯಿತು. ಭಾವ ಆಟವನ್ನು ಮರಳಿ ತಂದುಕೊಂಡಿಲ್ಲ, ಶೋಕೇಸನ್ನು ತಂದುಕೊಂಡಿದ್ದಾರೆ. ಬೀಗ, ಗಾಜು, ಒಳಗೆ ರೈಲು, ಹೊರಗೆ ಪುಟ್ಟನ ಮೂಗಿನ ಗುರುತು, ಅದನ್ನು ಒರೆಸಲು ಮೈಕ್ರೋಫೈಬರ್ ಬಟ್ಟೆ. ಹಳೇ ಬೂದು ಬಣ್ಣ ತಪ್ಪದಂತೆ, ಒಂದು ತುಂಡೂ ಕಳೆಯದಂತೆ.

ದಸರಾ ಬಂತು. ಅಕ್ಕನ ಅತ್ತೆ ಬೊಂಬೆ ಕೂರಿಸುವವರು. ಪಟ್ಟದ ಬೊಂಬೆ, ದಶಾವತಾರ, ಶೆಟ್ಟಿ ದಂಪತಿ ಎಲ್ಲ ಮೆಟ್ಟಿಲೇರಿದ ಮೇಲೆ ಕೆಳಗಿನ ಸಾಲಿನಲ್ಲಿ ಜಾಗ ಉಳಿಯಿತು. "ಆ ರೈಲು ಕೊಡೋ, ಒಂಬತ್ತು ದಿನ ಇರಲಿ" ಅಂದರು. ಅಮ್ಮನ ಮಾತು, ಭಾವ ಇಲ್ಲ ಅನ್ನಲಾಗಲಿಲ್ಲ. ಮೆಟ್ರೋಲೈನರ್ ರಾಗಿ ಪೈರಿನ ಪಕ್ಕ, ಶೆಟ್ಟರ ಅಂಗಡಿಯ ಎದುರು ನಿಂತಿತು. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರೆಲ್ಲ "ಓಡತ್ತಾ?" ಅಂತ ಕೇಳುವವರೇ. ಭಾವ ಬಾಗಿಲ ಸಂದಿಯಿಂದ "ಓಡತ್ತೆ, ಓಡತ್ತೆ" ಅನ್ನುವರು. ಬೊಂಬೆ ಬಾಗಿನದ ಚಕ್ಕುಲಿ ಹಿಡಿದ ಮಕ್ಕಳು ಹತ್ತಿರ ಹೋದರೆ ಅತ್ತೆಯೇ ಗದರುತ್ತಿದ್ದರು: "ಬೊಂಬೆ ಮುಟ್ಟಬಾರದು, ನೋಡಬೇಕು!"

ವಿಜಯದಶಮಿ ಕಳೆದ ಮಾರನೇ ದಿನ ಅತ್ತೆ ರಾಜ ರಾಣಿಯರನ್ನು ಹಳೇ ಪಂಚೆ ಚೂರಿನಲ್ಲಿ ಸುತ್ತಿ ಟ್ರಂಕಿಗೆ ಇಳಿಸುತ್ತಿದ್ದರು. ರೈಲನ್ನೂ ಬೋಗಿ ಬೋಗಿಯಾಗಿ ಸುತ್ತಿದರು. ಭಾವ ಓಡಿ ಬಂದರು.

"ಅಮ್ಮಾ, ಅದು..."

"ಇರಲಿ ಬಿಡೋ. ಮುಂದಿನ ದಸರಾಕ್ಕೆ ತೆಗೆದರಾಯ್ತು. ಅಲ್ಲೀತನಕ ಧೂಳಿಲ್ಲ, ಬಿಸಿಲಿಲ್ಲ, ನಿನ್ನ ಮಗ ಇಲ್ಲ."

ಭಾವ ಒಂದು ಕ್ಷಣ ಯೋಚಿಸಿದರು. ಆಮೇಲೆ ಒಳಗೆ ಹೋಗಿ, ಬೀರು ತೆಗೆದು, ಧಾರೆ ಸೀರೆ ಕೆಳಗಿದ್ದ ಸೀಲ್ ಒಡೆಯದ ಡಬ್ಬವನ್ನೂ ತಂದು ಅಮ್ಮನ ಕೈಗೆ ಕೊಟ್ಟರು.