ಸಾವು ಅರ್ಧ, ಗಡುವು ಡಬಲ್

ಲೋಕದ ಸರ್ಕಾರಗಳು ರಸ್ತೆ ಸಾವುಗಳನ್ನು ಅರ್ಧಕ್ಕೆ ಇಳಿಸುತ್ತವಂತೆ. ಎಲ್ಲರೂ ಸೇರಿ, ಸಮನ್ವಯದಿಂದ, 2030ರೊಳಗೆ. ಸಂತೋಷ. ಈ ಮಾತು ಎಲ್ಲೋ ಕೇಳಿದ ಹಾಗಿದೆಯಲ್ಲ ಅಂತ ಹಳೇದು ತೆಗೆದು ನೋಡಿದೆ. 2015ರಲ್ಲಿ ವಿಶ್ವಸಂಸ್ಥೆ ಸುಸ್ಥಿರ ಅಭಿವೃದ್ಧಿ ಗುರಿ ಬರೆದಾಗಲೂ ಇದೇ ಅರ್ಧ ಇತ್ತು. ಗಡುವು ಮಾತ್ರ 2020. ಆ ವರ್ಷ ಬಂತು, ಅರ್ಧ ಬರಲಿಲ್ಲ. ಒಂದು 2 ಅಳಿಸಿ 3 ಬರೆದರು. ಇಷ್ಟು ಕಡಿಮೆ ಇಂಕಿನಲ್ಲಿ ಹತ್ತು ವರ್ಷದ ಯೋಜನೆ ಯಾರಿಂದ ಸಾಧ್ಯ ಹೇಳಿ?

ದೇಶದೇಶಗಳ ಮಂತ್ರಿಗಳು ಸುಮ್ನೆ ಕೂತಿಲ್ಲ, ರಸ್ತೆ ಸುರಕ್ಷತೆಯ ಸಭೆಗೆ ಓಡಾಡುತ್ತಲೇ ಇದ್ದಾರೆ. 2009ರಲ್ಲಿ ಮಾಸ್ಕೋ, 2015ರಲ್ಲಿ ಬ್ರೆಸೀಲಿಯಾ, 2020ರಲ್ಲಿ ಸ್ಟಾಕ್‌ಹೋಮ್, 2025ರಲ್ಲಿ ಮರಾಕೆಶ್. ರಸ್ತೆಯ ಚಿಂತೆಗೆ ಇಷ್ಟೊಂದು ವಿಮಾನ ಹತ್ತಿದ್ದಾರೆ. ಜಾಣರೇ ಬಿಡಿ, ಆಕಾಶದಲ್ಲಿ ಲಾರಿ ಅಡ್ಡ ಬರೋದಿಲ್ಲ.

ಇನ್ನು ಈ ಸಮನ್ವಯ. ಗುಂಡಿ ರಸ್ತೆಯವರದ್ದು. ಗುಂಡಿಗೆ ಬಿದ್ದವನು ಆಸ್ಪತ್ರೆಯವರದ್ದು. ಅವನ ಬೈಕು ಪೊಲೀಸರದ್ದು. ಹೆಲ್ಮೆಟ್ ಹಾಕಿರಲಿಲ್ಲ ಅಂತಾದರೆ ತಪ್ಪು ಅವನದ್ದೇ, ಮೂರೂ ಇಲಾಖೆಗೆ ನಿರಾಳ.

ಎಣಿಸುವ ರೀತಿಯೂ ಚೆಂದ. ಡಿಕ್ಕಿಯಾಗಿ 30 ದಿನದೊಳಗೆ ಜೀವ ಹೋದರೆ ಅದು ರಸ್ತೆ ಸಾವು. ಲೋಕದ ಬಹುಪಾಲು ದೇಶಗಳ ಲೆಕ್ಕ ಇದು. ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು, ಒಪ್ಪಿದೆ. ಆದರೂ ಐಸಿಯುನಲ್ಲಿ ಉಸಿರು ಬಿಗಿಹಿಡಿದು 31ನೇ ದಿನ ಹೋದವನು ಗುರಿ ಸಾಧನೆಗೆ ಕೈಲಾದಷ್ಟು ಸಹಕರಿಸಿದ ಹಾಗೇ ಅಲ್ವಾ? ಮನೆಯವರಿಗೊಂದು ಅಭಿನಂದನಾ ಪತ್ರ ಕಳಿಸಬಹುದು.

ಪತ್ರಿಕೆಯವರು ಇನ್ನೂ ಉದಾರಿಗಳು. 'ಯಮಸ್ವರೂಪಿಯಾಗಿ ಬಂದ ಲಾರಿ' ಅಂತ ಬರೆಯುತ್ತಾರೆ. ಪಾಪ, ಯಮನಿಗೇಕೆ ಈ ಅಪವಾದ? ಅವನ ವಾಹನ ಕೋಣ. ಕೋಣ ತಿರುವಿನಲ್ಲಿ ಓವರ್‌ಟೇಕ್ ಮಾಡಿದ್ದನ್ನು ಯಾರಾದರೂ ನೋಡಿದ್ದೀರಾ? ಅದು ಫೋನಲ್ಲಿ ಮಾತಾಡಿಕೊಂಡು ಬಂದದ್ದೂ ಇಲ್ಲ. ಇನ್ನೊಂದಿದೆ, 'ಚಾಲಕನ ನಿಯಂತ್ರಣ ತಪ್ಪಿ'. ನಿಯಂತ್ರಣ ತಾನಾಗಿ ತಪ್ಪಿತಂತೆ. ಚಾಲಕ ಅದನ್ನು ಹುಡುಕುತ್ತಿದ್ದನೇನೋ, ಅಷ್ಟರಲ್ಲಿ ಕಾರು ಫುಟ್‌ಪಾತ್ ಹತ್ತಿತು. ನೂರರ ಮೇಲೆ ಓಡಿಸುತ್ತಿದ್ದ ಅಂತ ಬರೆದರೆ ಯಾರಿಗೆ ನೋವಾಗುತ್ತೋ ಗೊತ್ತಿಲ್ಲ.

ಮದ್ದು ಗೊತ್ತಿಲ್ಲ ಅಂತ ಏನಿಲ್ಲ. ಈಗಿನ ಸೀಟ್ ಬೆಲ್ಟನ್ನು ವೋಲ್ವೊದ ನಿಲ್ಸ್ ಬೋಲಿನ್ 1959ರಲ್ಲೇ ಮಾಡಿಕೊಟ್ಟ. ಕಂಪನಿ ಪೇಟೆಂಟನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಸರಾಸರಿ ವೇಗ ಶೇ 1ರಷ್ಟು ಏರಿದರೆ ಪ್ರಾಣ ತೆಗೆಯುವ ಅಪಘಾತದ ಅಪಾಯ ಶೇ 4ರಷ್ಟು ಏರುತ್ತದೆ. ಜನ, ವಾಹನ ಬೆರೆಯುವ ಕಡೆ ಗಂಟೆಗೆ 30 ಕಿಲೋಮೀಟರ್ ಮೀರಬಾರದು ಅಂತ ಸ್ಟಾಕ್‌ಹೋಮ್‌ನಲ್ಲಿ ಈ ಮಂತ್ರಿಗಳೇ ಬರೆದುಕೊಂಡರು. ಆ ಸ್ವೀಡನ್ನಿನ ಸಂಸತ್ತು 1997ರಲ್ಲೇ ಅರ್ಧ ಗಿರ್ಧ ಅನ್ನದೆ ಸೊನ್ನೆ ಅಂದಿತ್ತು. ಮನುಷ್ಯ ತಪ್ಪು ಮಾಡೇ ಮಾಡ್ತಾನೆ, ಆ ತಪ್ಪಿಗೆ ಜೀವ ಹೋಗದ ಹಾಗೆ ರಸ್ತೆ ಕಟ್ಟಿ ಅಂತ. ಇದರಲ್ಲಿ ಅರ್ಥವಾಗದ್ದು ಏನಿದೆ?

ಲೋಕದಾದ್ಯಂತ ವರ್ಷಕ್ಕೆ ಸುಮಾರು 11.9 ಲಕ್ಷ ರಸ್ತೆ ಸಾವು. 5ರಿಂದ 29 ವರ್ಷದವರನ್ನು ಲೋಕದಲ್ಲಿ ಅತಿ ಹೆಚ್ಚು ಕೊಲ್ಲುತ್ತಿರುವುದು ರಸ್ತೆಯೇ. ಮಂತ್ರಿಗಳು ಎರಡು ಗಂಟೆ ಸಭೆ ಮಾಡಿ ಗುಂಪು ಫೋಟೋಗೆ ನಿಲ್ಲುವಷ್ಟರಲ್ಲಿ ಹತ್ತಿರಹತ್ತಿರ 270 ಜನ ಹೋಗಿರುತ್ತಾರೆ. ಅದರಲ್ಲಿ ಸ್ಕೂಲ್ ಬ್ಯಾಗ್ ಹಾಕಿಕೊಂಡವರೂ ಇರುತ್ತಾರೆ. ತಮಾಷೆ ಮಾಡೋಕೂ ಬೇಜಾರು ಕಣ್ರೀ.

ಮೊನ್ನೆ ಜೀಬ್ರಾ ಪಟ್ಟೆ ಹತ್ತಿರ ನಿಂತಿದ್ದೆ. ಪಟ್ಟೆ ಅರ್ಧ ಅಳಿಸಿತ್ತು. ಅಂತೂ ಏನೋ ಒಂದು ಅರ್ಧವಾಗಿದೆ. ಪಕ್ಕದಲ್ಲೊಬ್ಬ ಅಜ್ಜಿ. ಹಸಿರು ಮನುಷ್ಯ ಹೊತ್ತಿಕೊಂಡ, ಅಜ್ಜಿ ಇಳಿದರು. ಅವರು ನಡುರಸ್ತೆ ಮುಟ್ಟುವ ಮೊದಲೇ ಅವನು ಮಾಯ. ಹಾರ್ನ್ ಶುರುವಾಯಿತು. ಅಜ್ಜಿ ಓಡಲಿಲ್ಲ, ಓಡುವ ಕಾಲು ಅವರದ್ದಲ್ಲ. ಬಲಗೈ ಎತ್ತಿ, ಅಂಗೈ ತೋರಿಸಿ, ಕಾರುಗಳ ಕಡೆ ನೋಡದೆ ನಡೆದರು. ಕಾರುಗಳು ಗೊಣಗುತ್ತಾ ನಿಂತವು.

ನಾನೂ ಕೈ ಎತ್ತಿಕೊಂಡು ಅವರ ಹಿಂದೆಯೇ ದಾಟಿದೆ.