ದಯವಿಟ್ಟು ‘ಗಂಟೆಗೆ 40 ನಾಟ್’ ಅನ್ನಬೇಡಿ

ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿದರೆ ಸಾಕು, ಸುದ್ದಿಯಲ್ಲಿ ‘ಗಂಟೆಗೆ 40 ನಾಟ್ ವೇಗದ ಗಾಳಿ’ ಶುರುವಾಗುತ್ತದೆ. ನಾಟ್ ಎಂದರೇ ಗಂಟೆಗೆ ಒಂದು ನಾಟಿಕಲ್ ಮೈಲಿ, ಅಂದರೆ 1.852 ಕಿ.ಮೀ. ಗಂಟೆ ಅದರ ಹೊಟ್ಟೆಯೊಳಗೇ ಇದೆ, ಮತ್ತೆ ಹೊರಗೊಂದು ಗಂಟೆ ಕಟ್ಟಬೇಕಿಲ್ಲ. 40 ನಾಟ್ ಅಂದರೆ ಗಂಟೆಗೆ ಸುಮಾರು 74 ಕಿ.ಮೀ., ಅಷ್ಟೇ.

ನಾಟ್ ಎಂದರೆ ಗಂಟು. ಅಲಂಕಾರಕ್ಕೆ ಹೇಳಿದ್ದಲ್ಲ, ಹಗ್ಗಕ್ಕೆ ಹಾಕುವ ಗಂಟೇ. ಹಾಯಿಹಡಗಿನ ಕಾಲದಲ್ಲಿ ವೇಗ ಅಳೆಯಲು ಕಾಲು ವೃತ್ತದ ಆಕಾರದ ಒಂದು ಹಲಗೆ ಇರುತ್ತಿತ್ತು. ನೀರಲ್ಲಿ ನೆಟ್ಟಗೆ ನಿಲ್ಲಲಿ ಎಂದು ಬಾಗಿದ ಅಂಚಿಗೆ ಸೀಸ. ಮೂರು ಮೂಲೆಗೆ ಮೂರು ದಾರ, ಅದರಲ್ಲಿ ಒಂದನ್ನು ಬರೀ ಬೆಣೆಯಿಂದ ಸಿಕ್ಕಿಸಿರುತ್ತಿದ್ದರು. ಇದನ್ನು ಹಡಗಿನ ಹಿಂಬದಿಯಿಂದ ಎಸೆದರೆ ಹಲಗೆ ಬಿದ್ದಲ್ಲೇ ನಿಲ್ಲುತ್ತದೆ, ಹಡಗು ಮುಂದೆ ಸಾಗುತ್ತದೆ, ರಾಟೆಗೆ ಸುತ್ತಿದ ಹಗ್ಗ ಬಿಚ್ಚಿಕೊಳ್ಳುತ್ತದೆ. ಮೊದಲ ಒಂದಷ್ಟು ಹಗ್ಗ ಲೆಕ್ಕಕ್ಕಿಲ್ಲ, ಹಡಗಿನ ಹಿಂದಿನ ಸುಳಿ ದಾಟಲು ಬೇಕು. ಅದು ಮುಗಿಯುವಲ್ಲಿ ಕಟ್ಟಿದ ಬಟ್ಟೆಚೂರು ಕೈಯಿಂದ ಜಾರಿದ ಕೂಡಲೇ 28 ಸೆಕೆಂಡಿನ ಮರಳುಗಡಿಯಾರ ತಿರುವಿಡಬೇಕು. ಮರಳು ಮುಗಿಯುವಷ್ಟರಲ್ಲಿ ಎಷ್ಟು ಗಂಟು ದಾಟಿತೋ ಅಷ್ಟು ನಾಟ್. ಆಮೇಲೆ ಹಗ್ಗ ಜಗ್ಗಿದರೆ ಬೆಣೆ ಕಳಚಿ ಹಲಗೆ ಮಲಗುತ್ತದೆ, ಎಳೆದುಕೊಳ್ಳುವುದು ಸುಲಭ.

ಗಂಟಿನಿಂದ ಗಂಟಿಗೆ 47 ಅಡಿ 3 ಅಂಗುಲ. 28 ಸೆಕೆಂಡಿಗೆ ಅಷ್ಟು ದೂರ ಹೋಗುವ ಹಡಗು ಗಂಟೆಗೆ 6,075 ಅಡಿ ಹೋಗುತ್ತದೆ. ನಾಟಿಕಲ್ ಮೈಲಿಯೂ ಹೆಚ್ಚುಕಡಿಮೆ ಅಷ್ಟೇ. ಹಡಗು ಜೋರಾಗಿ ಓಡುತ್ತಿದ್ದರೆ 14 ಸೆಕೆಂಡಿನ ಗಡಿಯಾರ ಇಟ್ಟು, ಎಣಿಸಿದ್ದನ್ನು ಎರಡರಿಂದ ಗುಣಿಸುತ್ತಿದ್ದರು.

ತಪ್ಪುವುದೂ ಇಲ್ಲೇ. ಮರಳಿಗೆ ತೇವ ಹಿಡಿದರೆ ನಿಧಾನ ಸುರಿಯುತ್ತದೆ, ಹೆಚ್ಚು ಗಂಟು ಓಡಿ ವೇಗ ಜಾಸ್ತಿ ತೋರುತ್ತದೆ. ಹಗ್ಗ ನೆನೆದು ಕುಗ್ಗಿದರೂ ಹಾಗೇ. ಅಪಾಯವಿರುವುದು ಹಗ್ಗ ಹಿಗ್ಗಿದಾಗ: ಗಂಟು ಕಡಿಮೆ ಬರುತ್ತದೆ, ಹಡಗು ಲೆಕ್ಕಕ್ಕಿಂತ ಮುಂದೆ ಹೋಗಿರುತ್ತದೆ, ರಾತ್ರಿ ದಡ ನೆನೆಸಿದ್ದಕ್ಕಿಂತ ಮೊದಲೇ ಎದುರಾಗುತ್ತದೆ. ಅದಕ್ಕೇ ಹಗ್ಗವನ್ನು ನೆನೆಸಿಯೇ ಮತ್ತೆ ಮತ್ತೆ ಅಳೆದು ನೋಡುತ್ತಿದ್ದರು.

ಆ ಮರದ ತುಂಡಿಗೆ ಇಂಗ್ಲಿಷಿನಲ್ಲಿ ಲಾಗ್ ಎಂದೇ ಹೆಸರು. ಅದರ ಅಳತೆ ಬರೆದಿಡುವ ಪುಸ್ತಕ ಲಾಗ್‌ಬುಕ್. ಈ ಬರಹ ಓದಲು ನೀವು ಮಾಡಿದ ಲಾಗಿನ್ ಕೂಡ ಅದೇ ಹಲಗೆಯ ಮೊಮ್ಮಗ.

ನಾಟಿಕಲ್ ಮೈಲಿಯನ್ನು ನಾವಿಕರು ಹಟಕ್ಕೆ ಉಳಿಸಿಕೊಂಡಿಲ್ಲ. ಅದು ಅಕ್ಷಾಂಶದ ಒಂದು ನಿಮಿಷ, ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ. ಮಂಗಳೂರು ಸುಮಾರು 12 ಡಿಗ್ರಿ 52 ನಿಮಿಷ, ಕಾರವಾರ 14 ಡಿಗ್ರಿ 49 ನಿಮಿಷ, ಕಳೆದರೆ 117 ನಿಮಿಷ. ಉತ್ತರ–ದಕ್ಷಿಣ ದೂರ 117 ನಾಟಿಕಲ್ ಮೈಲಿ ಎಂದು ಕೈಬೆರಳಲ್ಲೇ ಬಂತು. ನಕ್ಷೆಯ ಪಕ್ಕದ ಅಂಚಿನಲ್ಲೇ ಅಳೆಯಬೇಕು. ಮೇಲಿನ ಅಂಚಿನ ರೇಖಾಂಶ ನಂಬಿದರೆ ಕೆಟ್ಟಿರಿ, ಧ್ರುವದತ್ತ ಹೋದಂತೆ ಅದರ ನಿಮಿಷ ಕಿರಿದಾಗುತ್ತದೆ.

ಪತ್ರಿಕೆಗಳ ಇನ್ನೊಂದು ಮೆಚ್ಚಿನ ಮಾತು ‘ಅಧಿಕಾರದ ಚುಕ್ಕಾಣಿ’. ಇದಕ್ಕೆ ನನ್ನ ತಕರಾರಿಲ್ಲ. ಚುಕ್ಕಾಣಿಯ ಮೂಲ ಅರಬ್ಬಿಯ ಸುಕ್ಕಾನ್. ಲಂಗರು, ಬಂದರು ಪಾರಸಿಯಿಂದ ಬಂದವು. ಇಂಗ್ಲಿಷಿನ ಗವರ್ನಮೆಂಟ್ ಪದವೂ ಹಡಗು ನಡೆಸುವುದು ಎಂಬ ಅರ್ಥದ ಗ್ರೀಕ್ ಪದದಿಂದಲೇ ಬಂದದ್ದು. ತಕರಾರು ವ್ಯಂಗ್ಯಚಿತ್ರಕಾರರ ಮೇಲೆ: ನೀವು ಮುಖ್ಯಮಂತ್ರಿಯ ಕೈಗೆ ಕೊಡುವ ಆ ಚಕ್ರ ಚುಕ್ಕಾಣಿಯಲ್ಲ, ಅದನ್ನು ತಿರುಗಿಸುವ ಸಾಧನ. ಚುಕ್ಕಾಣಿ ಇರುವುದು ಹಡಗಿನ ಹಿಂದೆ, ನೀರಿನೊಳಗೆ.